ಟವರ್ ಮೊದಲು, ಫೋನ್ ಆಮೇಲೆ: ಮನೆಯವರಿಗೆ ಸಾದಾ ಮೊಬೈಲ್ ಆರಿಸುವ ಸಮಗ್ರ ಮಾರ್ಗದರ್ಶಿ

ಅಂಗಡಿಗೆ ಹೋಗಿ "ಎರಡು ಸಾವಿರದೊಳಗೆ ಒಂದು ಸಾದಾ ಫೋನ್ ಕೊಡಿ" ಅಂದರೆ ಐದಾರು ಡಬ್ಬ ಮುಂದೆ ಬಂದು ಕೂರುತ್ತವೆ. ಎಲ್ಲದರ ಮೇಲೂ ಟಾರ್ಚ್, ಎಫ್‌ಎಂ, ಡ್ಯುಯಲ್ ಸಿಮ್ ಎಂದು ಬರೆದಿರುತ್ತದೆ. ನೋಡಲು ಒಂದಕ್ಕೊಂದು ತಮ್ಮಂದಿರಂತೆಯೇ ಇರುತ್ತವೆ. ಆದರೆ ಅವುಗಳಲ್ಲಿ ಒಂದೆರಡು ನಿಮ್ಮ ಮನೆಯಲ್ಲಿ ರಿಂಗ್ ಆಗುವುದೇ ಇಲ್ಲ. ಫೋನಿನಲ್ಲಿ ದೋಷವಿಲ್ಲ. ಆ ಫೋನಿಗೂ ನಿಮ್ಮೂರಿನ ಟವರಿಗೂ ತಾಳ ಕೂಡುವುದಿಲ್ಲ, ಅಷ್ಟೇ.

ಹಾಗಾಗಿ ಈ ಬರಹದಲ್ಲಿ ಫೋನಿನ ಬಣ್ಣ, ಕ್ಯಾಮೆರಾ, ಬ್ರ್ಯಾಂಡ್ ಎಲ್ಲ ಹಿಂದಿನ ಸಾಲಿಗೆ. ಮೊದಲು ಯಾರಿಗೆ, ಎರಡನೆಯದು ಯಾವ ಟವರು, ಮೂರನೆಯದು ಫೋನು. ಊರಲ್ಲಿರುವ ಅಮ್ಮನಿಗೆ, ತೋಟಕ್ಕೆ ಹೋಗುವ ಅಪ್ಪನಿಗೆ, ಕಾಲೇಜಿಗೆ ಹೋಗುವ ಮಗಳಿಗೆ ಮಾತಿಗಾಗಿ ಮಾತ್ರ ಒಂದು ಫೋನ್ ಬೇಕು ಅನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಹೆಜ್ಜೆ 1: ಯಾರ ಕೈಗೆ ಕೊಡುತ್ತಿದ್ದೀರಿ?

ಫೋನ್ ಬಳಸುವವರನ್ನೇ ಕೂರಿಸಿಕೊಂಡು ಕೇಳಿ. ನೀವೇ ಅವರ ಪರವಾಗಿ ತೀರ್ಮಾನಿಸಬೇಡಿ. ಕರೆ ಮಾಡುವುದು, ತೆಗೆದುಕೊಳ್ಳುವುದು, ಬ್ಯಾಂಕಿನ ಒಟಿಪಿ ಓದುವುದು, ಗೃಹಲಕ್ಷ್ಮಿ ಹಣ ಬಂದ ಮೆಸೇಜ್ ನೋಡುವುದು, ರಾತ್ರಿ ಕೊಟ್ಟಿಗೆಗೆ ಹೋಗುವಾಗ ಟಾರ್ಚ್, ಮಧ್ಯಾಹ್ನ ಆಕಾಶವಾಣಿ. ಇಷ್ಟೇ ಸಾಕು ಅಂದರೆ ಕೀಪ್ಯಾಡ್ ಫೋನೇ ಸರಿ. ಮೊಮ್ಮಕ್ಕಳ ಮುಖ ನೋಡಿ ಮಾತಾಡಬೇಕು, ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿರಬೇಕು ಅಂದರೆ ಕೀಪ್ಯಾಡ್ ಕೊಳ್ಳಲೇಬೇಡಿ, ನೇರವಾಗಿ ಹೆಜ್ಜೆ 8ಕ್ಕೆ ಹೋಗಿ.

"ವಾಟ್ಸ್ಆ್ಯಪ್ ಇರುವ ಕೀಪ್ಯಾಡ್ ಫೋನ್" ಎಂದು ಯಾರಾದರೂ ಹೇಳಿದರೆ ಎಚ್ಚರ. ಜಿಯೊಫೋನ್‌ನಂಥವು ಕೈಓಎಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುತ್ತಿದ್ದವು, ಅವುಗಳಲ್ಲಿ ವಾಟ್ಸ್ಆ್ಯಪ್ ಇತ್ತು. 2024ರ ಜೂನ್‌ನಿಂದ ಕೈಓಎಸ್ ಫೋನುಗಳಿಗೆ ಅದನ್ನು ಹೊಸದಾಗಿ ಹಾಕಿಕೊಳ್ಳುವುದು ನಿಂತಿತು, ಮೊದಲೇ ಇದ್ದವರಿಗೂ 2025ರ ಆರಂಭದೊಂದಿಗೆ ಮುಗಿಯಿತು. ಹಳೆಯ ಸ್ಟಾಕ್ ಡಬ್ಬದ ಮೇಲೆ ಆ ಹಸಿರು ಚಿಹ್ನೆ ಇನ್ನೂ ಇರಬಹುದು. ಅದನ್ನು ನಂಬಿ ದುಡ್ಡು ಕೊಡಬೇಡಿ.

ಇನ್ನೆರಡು ವಿಷಯ ಗಮನಿಸಿ: ಕಣ್ಣು ಮತ್ತು ಕಿವಿ. ಕನ್ನಡಕವಿಲ್ಲದೆ ಕ್ಯಾಲೆಂಡರಿನ ದಿನಾಂಕ ಓದಲಾಗದವರಿಗೆ 1.8 ಇಂಚಿನ ಪರದೆ ಕಷ್ಟ. 2.4 ಇಂಚು ಅಥವಾ ಹೆಚ್ಚು ನೋಡಿ. ಕಿವಿ ಮಂದವಾಗಿದ್ದವರಿಗೆ ಸ್ಪೀಕರಿನ ಗಟ್ಟಿತನ ಉಳಿದೆಲ್ಲಕ್ಕಿಂತ ಮುಖ್ಯ.

ಹೆಜ್ಜೆ 2: ಮನೆಯಲ್ಲಿ ಯಾವ ಟವರ್ ಸಿಗುತ್ತದೆ, ಅದೂ ಅಡುಗೆಮನೆಯಲ್ಲಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2ಜಿ, 3ಜಿ, 4ಜಿ ಅಂದರೆ ಹಳೆಯದರಿಂದ ಹೊಸದಕ್ಕೆ ಬಂದ ಮೊಬೈಲ್ ಜಾಲದ ಪೀಳಿಗೆಗಳು. ಜಿಯೊ 2016ರಲ್ಲಿ ಶುರುವಾದದ್ದೇ 4ಜಿಯಿಂದ. ಅದಕ್ಕೆ 2ಜಿ, 3ಜಿ ಟವರ್ ಎಂಬುದೇ ಇಲ್ಲ. ಅಂದರೆ 2ಜಿ ಕೀಪ್ಯಾಡ್ ಫೋನಿಗೆ ಜಿಯೊ ಸಿಮ್ ಹಾಕಿದರೆ ಅದು ಸತ್ತಂತೆಯೇ. ಏರ್‌ಟೆಲ್ 2020ರ ಹೊತ್ತಿಗೆ 3ಜಿ ಮುಚ್ಚಿ 2ಜಿ ಮತ್ತು 4ಜಿ ಉಳಿಸಿಕೊಂಡಿತು, ಹಾಗಾಗಿ ಏರ್‌ಟೆಲ್ ಸಿಮ್ ಹಳೆಯ 2ಜಿ ಫೋನಿನಲ್ಲೂ ಮಾತಾಡಿಸುತ್ತದೆ. ವಿಐನಲ್ಲೂ (ವೊಡಾಫೋನ್ ಐಡಿಯಾ) 2ಜಿ ಇದೆ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ಲೋಕಾರ್ಪಣೆ ಮಾಡಿತು. ಕೆಲವು ಊರಲ್ಲಿ ಅದರ 4ಜಿ ಚೆನ್ನಾಗಿದೆ, ಕೆಲವು ಕಡೆ ಹಳೆಯ 2ಜಿಯೇ ಆಧಾರ.

ಮಲೆನಾಡಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರದ ಒಳಹಳ್ಳಿಗಳಲ್ಲಿ ಒಂದು ಮನೆಗೆ ಸಿಗುವ ಸಿಗ್ನಲ್ ಪಕ್ಕದ ಮನೆಗೆ ಸಿಗುವುದಿಲ್ಲ. ನಡುವೆ ಒಂದು ಗುಡ್ಡ ಬಂದರೆ ಮುಗಿಯಿತು. ಆದ್ದರಿಂದ "ನಮ್ಮೂರಲ್ಲಿ ಜಿಯೊ ಇದೆ" ಎಂಬುದು ಸಾಲದು. ಹೀಗೆ ಪರೀಕ್ಷೆ ಮಾಡಿ.

ನೆಂಟರ, ಪಕ್ಕದ ಮನೆಯವರ ಬೇರೆ ಬೇರೆ ಕಂಪನಿಯ ಸಿಮ್ ಇರುವ ಫೋನುಗಳನ್ನು ಹಿಡಿದು ಜಗಲಿ, ಅಡುಗೆಮನೆ, ಮಲಗುವ ಕೋಣೆ, ಕೊಟ್ಟಿಗೆ, ತೋಟ ಎಲ್ಲ ಕಡೆ ನಿಂತು ಒಂದೊಂದು ಕರೆ ಮಾಡಿ. ಕಡ್ಡಿಗಳನ್ನು ಎಣಿಸಬೇಡಿ, ಮಾತು ಕಡಿಯುತ್ತದೆಯೇ ಎಂದು ಕೇಳಿಸಿಕೊಳ್ಳಿ. ಸ್ಮಾರ್ಟ್‌ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಮೊಬೈಲ್ ನೆಟ್‌ವರ್ಕ್ ವಿಧವನ್ನು "2ಜಿ ಮಾತ್ರ" ಎಂದು ಇಟ್ಟರೆ, ಅದೇ ಜಾಗದಲ್ಲಿ 2ಜಿ ಇದೆಯೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ (ಎಲ್ಲ ಫೋನಿನಲ್ಲೂ ಈ ಆಯ್ಕೆ ಇರುವುದಿಲ್ಲ). ಮತ್ತೊಂದು ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಬೇಕು: ಕರೆಂಟ್ ಹೋಗಿ ಎರಡು ಮೂರು ಗಂಟೆ ಕಳೆದ ಮೇಲೂ ಯಾವ ಸಿಗ್ನಲ್ ಉಳಿದಿರುತ್ತದೆ? ಟವರಿನ ಬ್ಯಾಟರಿ ಕೈಕೊಟ್ಟಾಗ ಎಂಥ ಒಳ್ಳೆಯ ಫೋನೂ ಉಪಯೋಗಕ್ಕೆ ಬರುವುದಿಲ್ಲ. ಎರಡು ಕಂಪನಿಯ ಸಿಮ್ ಹಾಕಿಡುವ ಮಲೆನಾಡಿನ ಅಭ್ಯಾಸ ಇದೇ ಕಾರಣಕ್ಕೆ ಬಂದದ್ದು, ಮತ್ತು ಅದು ಜಾಣತನದ್ದೇ.

ಹೆಜ್ಜೆ 3: 4ಜಿ ವೋಲ್ಟೆ, ಲಾಕ್, ಬ್ಯಾಂಡ್

ನನ್ನ ಸಲಹೆ ನೇರವಾಗಿದೆ: ಇವತ್ತು ಹೊಸದಾಗಿ ಕೊಳ್ಳುವುದಾದರೆ 4ಜಿ ವೋಲ್ಟೆ ಇರುವ ಕೀಪ್ಯಾಡ್ ಫೋನನ್ನೇ ಕೊಳ್ಳಿ. 2ಜಿ ಫೋನು ಐನೂರರಿಂದ ಸಾವಿರ ರೂಪಾಯಿ ಅಗ್ಗವಾಗಬಹುದು, ಆದರೆ ನಾಳೆ ಸಿಮ್ ಬದಲಿಸಬೇಕು ಅನ್ನಿಸಿದರೆ ಜಿಯೊ ಬಾಗಿಲು ಮುಚ್ಚಿರುತ್ತದೆ. ವೋಲ್ಟೆ ಎಂದರೆ 4ಜಿ ಟವರಿನ ಮೇಲೆಯೇ ಮಾತು ಹೋಗುವ ವ್ಯವಸ್ಥೆ. ಧ್ವನಿ ಸ್ಪಷ್ಟ, ಕರೆ ಬೇಗ ಕೂಡುತ್ತದೆ.

ಒಂದೇ ಹೆಸರಿನಲ್ಲಿ ಎರಡು ಫೋನ್ ಇರುತ್ತವೆ, ಇದು ಗೊತ್ತಿರಲಿ. 2023ರಲ್ಲಿ ನೋಕಿಯಾ 110 ಎಂಬ ಹೆಸರಿನಲ್ಲಿ 1,699 ರೂಪಾಯಿಗೆ 2ಜಿ ಫೋನೂ 2,499 ರೂಪಾಯಿಗೆ 4ಜಿ ಫೋನೂ ಒಟ್ಟಿಗೇ ಬಂದವು. "ನೋಕಿಯಾ 110 ಕೊಡಿ" ಅಂದರೆ ಯಾವುದು ಬರುತ್ತದೋ ಹೇಳಲಾಗದು. ಡಬ್ಬ ತಿರುಗಿಸಿ 4ಜಿ ಎಂಬ ಅಕ್ಷರ ನೋಡಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಹೀಗಾಗುತ್ತದೆ:

"ಅಣ್ಣಾ, ಇದಕ್ಕೆ ಯಾವ ಸಿಮ್ ಹಾಕ್ಬೋದು?"

"ಎಲ್ಲಾ ಸಿಮ್ಮೂ ನಡೀತದೆ ಮೇಡಂ, ಏನೂ ತೊಂದ್ರೆ ಇಲ್ಲ."

"ಜಿಯೊ ಹಾಕಿ ಒಂದ್ಸಲ ಕಾಲ್ ಮಾಡಿ ತೋರಿಸ್ತೀರಾ?"

ಈ ಕೊನೆಯ ಪ್ರಶ್ನೆ ಕೇಳುವವರೆಗೆ ಅಂಗಡಿಯವರ ಉತ್ತರಕ್ಕೆ ಬೆಲೆಯಿಲ್ಲ. ನಿಮ್ಮದೇ ಸಿಮ್ ತೆಗೆದುಕೊಂಡು ಹೋಗಿ, ಹಾಕಿಸಿ, ಅಲ್ಲೇ ನಿಂತು ಮಾತಾಡಿ.

ಲಾಕ್ ಆದ ಫೋನುಗಳ ಬಗ್ಗೆ ಒಂದು ಮಾತು. 2023ರ ಜುಲೈನಲ್ಲಿ 999 ರೂಪಾಯಿಗೆ ಬಂದ ಜಿಯೊಭಾರತ್ ಫೋನಿಗೆ ಜಿಯೊ ಸಿಮ್ ಮಾತ್ರ ನಡೆಯುತ್ತದೆ. ನಿಮ್ಮ ಮನೆಯಲ್ಲಿ ಜಿಯೊ ಗಟ್ಟಿಯಾಗಿದ್ದರೆ ಅದು ಒಳ್ಳೆಯ ಆಯ್ಕೆ, ಬೆಲೆಗೆ ಹೋಲಿಸಿದರೆ ತುಂಬಾ ಒಳ್ಳೆಯದೇ. ಆದರೆ ಮುಂದೆ ಕಂಪನಿ ಬದಲಿಸಿದ ದಿನ ಫೋನೂ ಬದಲಿಸಬೇಕು.

ಬಿಎಸ್‌ಎನ್‌ಎಲ್ ನೆಚ್ಚಿಕೊಂಡವರು ಇನ್ನೂ ಒಂದು ವಿವರ ನೋಡಬೇಕು. ಅದರ 4ಜಿ 700 ಮತ್ತು 2100 ಮೆಗಾಹರ್ಟ್ಸ್ ತರಂಗಗಳಲ್ಲಿ ನಡೆಯುತ್ತದೆ. ಕಡಿಮೆ ಸಂಖ್ಯೆಯ ತರಂಗ ದೂರ ಹೋಗುತ್ತದೆ, ಗೋಡೆ ಮರಗಳನ್ನು ದಾಟಿ ಬರುತ್ತದೆ. ಹಾಗಾಗಿ ಕಾಡಿನಂಚಿನ ಮನೆಗೆ 700 ತಲುಪುವಷ್ಟು 2100 ತಲುಪುವುದಿಲ್ಲ. ಫೋನು ಯಾವ ಯಾವ ತರಂಗ ಹಿಡಿಯಬಲ್ಲದು ಎಂಬುದನ್ನು "ಬ್ಯಾಂಡ್" ಸಂಖ್ಯೆಗಳಲ್ಲಿ ಹೇಳುತ್ತಾರೆ. ಈ 700ಕ್ಕೆ ಫೋನಿನಲ್ಲಿ "ಬ್ಯಾಂಡ್ 28" ಇರಬೇಕು. ಅಗ್ಗದ ಕೀಪ್ಯಾಡ್ ಫೋನುಗಳ ಪಟ್ಟಿಯಲ್ಲಿ ಎಷ್ಟೋ ಸಲ 1, 3, 5, 8, 40 ಇರುತ್ತವೆ, 28 ಮಾತ್ರ ಇರುವುದಿಲ್ಲ. ಜಿಯೊಗೆ 3, 5, 40 ಇದ್ದರೆ ಆಯಿತು. ಈ ಪಟ್ಟಿ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್‌ನ ವಿವರದ ಕೆಳಗೆ ಸಿಗುತ್ತದೆ. ಮನೆಯಲ್ಲಿ ಓದು ಬಲ್ಲ ಮಕ್ಕಳಿದ್ದರೆ ಐದು ನಿಮಿಷದ ಕೆಲಸ.

ಹೆಜ್ಜೆ 4: ಕೈಯಲ್ಲಿ ಹಿಡಿದು ನೋಡುವುದು

ಆನ್‌ಲೈನಿನಲ್ಲಿ ನೂರಿನ್ನೂರು ಉಳಿಯಬಹುದು. ಆದರೂ ವಯಸ್ಸಾದವರಿಗೆ ಕೊಳ್ಳುವ ಕೀಪ್ಯಾಡ್ ಫೋನನ್ನು ಅಂಗಡಿಯಲ್ಲೇ, ಸಾಧ್ಯವಾದರೆ ಅವರನ್ನೇ ಕರೆದುಕೊಂಡು ಹೋಗಿ ಕೊಳ್ಳಿ ಎನ್ನುತ್ತೇನೆ. ಗುಂಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಹೆಬ್ಬೆರಳು 5ರ ಬದಲು 8 ಒತ್ತುತ್ತದೆ. ನಡುವೆ ಗೆರೆಯೋ ಉಬ್ಬೋ ಇರಬೇಕು. ಕಣ್ಣು ಮುಚ್ಚಿ 5ರ ಮೇಲಿನ ಸಣ್ಣ ಉಬ್ಬು ಬೆರಳಿಗೆ ಸಿಗುತ್ತದೆಯೇ ನೋಡಿ. ಮಡಚುವ ಫೋನುಗಳನ್ನೂ ಹಿಡಿದು ನೋಡಿ. ಮುಚ್ಚಿದರೆ ಕರೆ ಕಟ್ ಆಗುತ್ತದೆ, ಕೆಂಪು ಗುಂಡಿ ಹುಡುಕುವ ಕಷ್ಟವಿಲ್ಲ. ನೋಕಿಯಾ 2660 ಫ್ಲಿಪ್‌ನಂಥದರಲ್ಲಿ ಗುಂಡಿಗಳು ದೊಡ್ಡವು, ತುರ್ತು ಕರೆಗೆ ಬೇರೆಯೇ ಗುಂಡಿಯಿದೆ, ಶ್ರವಣಯಂತ್ರ ಹಾಕಿಕೊಳ್ಳುವವರಿಗೂ ಹೊಂದುತ್ತದೆ. ಬೆಲೆ ಹೆಚ್ಚು, ನಿಜ. ಅಂಥ ಅಗತ್ಯ ಇರುವವರಿಗೆ ಆ ಹೆಚ್ಚಿಗೆಯ ದುಡ್ಡು ಸಾರ್ಥಕ.

ಇನ್ನು ಕನ್ನಡ. ಭಾರತದಲ್ಲಿ ಮಾರುವ ಫೋನುಗಳು ದೇಶದ ಭಾಷೆಗಳನ್ನು ಓದಿಸುವಂತಿರಬೇಕು ಎಂಬ ನಿಯಮವಿದೆ. ಆದರೆ "ಕನ್ನಡ ಇದೆ" ಎನ್ನುವುದಕ್ಕೂ ಕನ್ನಡ ಸರಿಯಾಗಿ ಕಾಣುವುದಕ್ಕೂ ವ್ಯತ್ಯಾಸವಿದೆ. ಅಂಗಡಿಯಲ್ಲಿ ನಿಂತೇ ನಿಮ್ಮ ಫೋನಿನಿಂದ ಆ ಫೋನಿಗೆ "ರಾಷ್ಟ್ರೀಯ ಸ್ತ್ರೀಶಕ್ತಿ" ಎಂದು ಒಂದು ಎಸ್‌ಎಂಎಸ್ ಕಳಿಸಿ. ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂತರೆ ಸರಿ. "ರಾಷ್‌ಟ್‌ರೀಯ" ಎಂಬಂತೆ ಅಕ್ಷರಗಳು ಬಿಡಿಬಿಡಿಯಾಗಿ ಬಂದರೆ, ಅಥವಾ ಚೌಕಗಳು ಕಂಡರೆ, ಕನ್ನಡ ಮಾತ್ರ ಓದಬಲ್ಲ ಅಮ್ಮನಿಗೆ ಆ ಫೋನ್ ಬೇಡ. ಮೆನುವನ್ನೂ ಕನ್ನಡಕ್ಕೆ ಬದಲಿಸಿ ನೋಡಿ. ಕೆಲವು ಕಂಪನಿಗಳ ಮೆನು ಕನ್ನಡ ಓದಿದರೆ ಇಂಗ್ಲಿಷೇ ವಾಸಿ ಅನ್ನಿಸುತ್ತದೆ. ಅದನ್ನು ಬಳಸುವವರೇ ಹೇಳಲಿ.

ಮೆಸೇಜ್ ಎಷ್ಟು ಹಿಡಿಸುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಕಡಿಮೆ ಬೆಲೆಯ ಫೋನಿನ ಇನ್‌ಬಾಕ್ಸ್ ಕೆಲವೇ ನೂರು ಮೆಸೇಜಿಗೆ ತುಂಬುತ್ತದೆ. ತುಂಬಿದ ಮೇಲೆ ಹೊಸದು ಒಳಗೆ ಬರುವುದಿಲ್ಲ, ಬ್ಯಾಂಕಿನಲ್ಲಿ ನಿಂತು ಒಟಿಪಿಗೆ ಕಾಯುತ್ತಲೇ ಇರಬೇಕಾಗುತ್ತದೆ. ಜೊತೆಗೆ ಕನ್ನಡದ ಎಸ್‌ಎಂಎಸ್ ಹೆಚ್ಚು ಜಾಗ ತಿನ್ನುತ್ತದೆ: ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಮೆಮೊರಿ ಕಾರ್ಡ್ ಹಾಕಿದರೆ ಹಾಡಿಗೆ ಜಾಗ ಸಿಗುತ್ತದೆ, ಮೆಸೇಜಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ರಿಂಗ್, ಸ್ಪೀಕರ್, ಕಿವಿಯ ಧ್ವನಿ ಮೂರನ್ನೂ ಅಂಗಡಿಯ ಹೊರಗೆ, ರಸ್ತೆಯ ಗದ್ದಲದಲ್ಲಿ ಕೇಳಿ. ಎಫ್‌ಎಂ ಇಯರ್‌ಫೋನ್ ಇಲ್ಲದೆಯೂ ಹಾಡುತ್ತದೆಯೇ ಕೇಳಿ. ಕೆಲವಕ್ಕೆ ವೈರೇ ಆಂಟೆನಾ. ಟಾರ್ಚ್ ಒಂದೇ ಗುಂಡಿ ಒತ್ತಿ ಹಿಡಿದರೆ ಹತ್ತಬೇಕು, ಮೆನು ಒಳಗೆ ಹೋಗಬೇಕಾದರೆ ಕತ್ತಲಲ್ಲಿ ಪ್ರಯೋಜನವಿಲ್ಲ. ಕ್ಯಾಮೆರಾ ಬಗ್ಗೆ ಯೋಚಿಸಬೇಡಿ.

ಹೆಜ್ಜೆ 5: ಬ್ಯಾಟರಿ, ಚಾರ್ಜರ್, ಸಿಮ್ ಗಾತ್ರ

2ಜಿ ಫೋನಿಗೆ 1,000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಸುತ್ತದೆ ಎಂಬ ಅಳತೆ) ಬ್ಯಾಟರಿ ಸಾಕಾಗುತ್ತಿತ್ತು. 4ಜಿ ಹೆಚ್ಚು ಎಳೆಯುತ್ತದೆ, ಆದ್ದರಿಂದ 1,400ಕ್ಕಿಂತ ಮೇಲಿನದನ್ನೇ ನೋಡಿ. ಬಿಚ್ಚಿ ತೆಗೆಯುವ ಬ್ಯಾಟರಿ ಇದ್ದರೆ ಒಳ್ಳೆಯದು, ಮತ್ತು ಆ ಮಾದರಿಯ ಬ್ಯಾಟರಿ ನಿಮ್ಮೂರಿನಲ್ಲಿ ಬಿಡಿಯಾಗಿ ಸಿಗುತ್ತದೆಯೇ ಎಂದು ಅಲ್ಲೇ ಕೇಳಿ. ಡಬ್ಬದ ಮೇಲಿನ ತಯಾರಿಕೆಯ ತಿಂಗಳು ನೋಡಿ. ಎರಡು ವರ್ಷ ಅಂಗಡಿಯಲ್ಲೇ ಕೂತ ಫೋನಿನ ಬ್ಯಾಟರಿ ಹೊಸದಲ್ಲ.

ಮನೆಯಲ್ಲಿ ಉಳಿದವರ ಚಾರ್ಜರ್ ಟೈಪ್-ಸಿ ಆಗಿದ್ದರೆ ಇದೂ ಅದೇ ಆದರೆ ಅನುಕೂಲ. ಆದರೆ ಈ ಬೆಲೆಯಲ್ಲಿ ಹಳೆಯ ಮೈಕ್ರೊ ಪಿನ್ನೇ ಹೆಚ್ಚು. ಸಿಮ್ ಜಾಗದ ಗಾತ್ರವನ್ನೂ ಕೇಳಿ. ನಿಮ್ಮ ಬಳಿ ಇರುವುದು ನ್ಯಾನೊ ಸಿಮ್, ಫೋನಿನದು ದೊಡ್ಡ ಜಾಗವಾದರೆ ಪ್ಲಾಸ್ಟಿಕ್ ಚೌಕಟ್ಟು ಬೇಕು. ಖಾಲಿ ಚೌಕಟ್ಟನ್ನು ತಳ್ಳಿ ಎಳೆದರೆ ಒಳಗಿನ ಪಿನ್ ಬಾಗುತ್ತದೆ. ಸಿಮ್ ಕೂರಿಸಿಯೇ ಒಳಗೆ ಹಾಕಿ.

ಹೆಜ್ಜೆ 6: ಡಬ್ಬ, ಬಿಲ್, ಐಎಂಇಐ

ಹೆಸರಾಂತ ಬ್ರ್ಯಾಂಡಿನ ನಕಲಿ ಫೋನುಗಳು ಸಂತೆಯಲ್ಲೂ ಬಸ್ ಸ್ಟ್ಯಾಂಡ್ ಅಂಗಡಿಗಳಲ್ಲೂ ಸಿಗುತ್ತವೆ. ಪತ್ತೆ ಹಚ್ಚುವುದು ಸುಲಭ. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನದೇ ಆದ ಗುರುತಿನ ಸಂಖ್ಯೆ, ಕಾಣುತ್ತದೆ. ಅದೇ ಅಂಕಿ ಡಬ್ಬದ ಮೇಲೂ ಬ್ಯಾಟರಿಯ ಕೆಳಗಿನ ಚೀಟಿಯಲ್ಲೂ ಇರಬೇಕು. ಆಮೇಲೆ ಇಂಗ್ಲಿಷಿನ ಕೆ, ವೈ, ಎಂ ಎಂಬ ಮೂರು ಅಕ್ಷರ ಬರೆದು, ಒಂದು ಜಾಗ ಬಿಟ್ಟು, ಆ 15 ಅಂಕಿ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ. ಫೋನಿನ ಕಂಪನಿ, ಮಾಡೆಲ್ ಉತ್ತರವಾಗಿ ಬರುತ್ತದೆ. ಕೈಯಲ್ಲಿರುವ ಫೋನಿಗೂ ಬಂದ ಉತ್ತರಕ್ಕೂ ಹೊಂದದಿದ್ದರೆ ಅಲ್ಲೇ ವಾಪಸ್ ಕೊಡಿ. ಹಳೆಯ ಫೋನ್ ಕೊಳ್ಳುವವರಿಗಂತೂ ಇದು ಕಡ್ಡಾಯ ಎಂದೇ ಹೇಳುತ್ತೇನೆ. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಡಿ ಜೈಲು ಶಿಕ್ಷೆಯ ಅಪರಾಧ.

ಡಬ್ಬದ ಮೇಲೆ ಬಿಐಎಸ್ (ಭಾರತದ ಗುಣಮಟ್ಟ ಸಂಸ್ಥೆ) ಗುರುತು ಇರಬೇಕು. ಸಾರ್ ಅಂಕಿ, ಅಂದರೆ ವಿಕಿರಣದ ಅಳತೆ, ಕಿಲೋಗೆ 1.6 ವ್ಯಾಟ್ ಒಳಗಿರಬೇಕು ಎಂಬುದು ಭಾರತದ ಮಿತಿ. ಕಚ್ಚಾ ಚೀಟಿ ಬೇಡ, ಐಎಂಇಐ ಬರೆದ ಜಿಎಸ್‌ಟಿ ಬಿಲ್ಲೇ ಬೇಕು. ತೆರಿಗೆ 18 ಶೇಕಡಾ, ಅದು ಎಂಆರ್‌ಪಿಯಲ್ಲೇ ಸೇರಿರುತ್ತದೆ, ಮೇಲೆ ಕೇಳಿದರೆ ಕೊಡಬೇಡಿ. ವಾರಂಟಿ ಸಾಮಾನ್ಯವಾಗಿ ಫೋನಿಗೆ ಒಂದು ವರ್ಷ, ಬ್ಯಾಟರಿ ಚಾರ್ಜರಿಗೆ ಆರು ತಿಂಗಳು. ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲೆಯಲ್ಲೇ ಇಲ್ಲದಿದ್ದರೆ ಆ ವಾರಂಟಿ ಕಾಗದದ ಮೇಲೆಯೇ ಉಳಿಯುತ್ತದೆ.

ಹೆಜ್ಜೆ 7: ಫೋನಿನ ಬೆಲೆಗಿಂತ ರೀಚಾರ್ಜ್ ದೊಡ್ಡದು

ಎರಡು ಸಾವಿರದ ಫೋನಿಗೆ ವರ್ಷವಿಡೀ ಹಾಕಿಸುವ ರೀಚಾರ್ಜ್ ಅದಕ್ಕಿಂತ ಹೆಚ್ಚಾಗಬಹುದು. ನೆಟ್ ಬಳಸದವರ ಕೈಯಲ್ಲಿ ದಿನಕ್ಕೆ ಒಂದೂವರೆ ಜಿಬಿ ಡೇಟಾ ಹಾಳಾಗುವುದನ್ನು ನೋಡಿ ಬೇಸರವಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮ ತಿದ್ದಿ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಎಂದು ಕಂಪನಿಗಳಿಗೆ ಹೇಳಿತು. 2025ರ ಜನವರಿಯಲ್ಲಿ ಜಿಯೊ 84 ದಿನಕ್ಕೆ 448, ಏರ್‌ಟೆಲ್ 84 ದಿನಕ್ಕೆ 469 ರೂಪಾಯಿಯ ಪ್ಯಾಕ್ ತಂದವು. ದರ ಬದಲಾಗುತ್ತಿರುತ್ತದೆ, ಆದರೆ ಇಂಥ ಪ್ಯಾಕ್ ಇದೆ ಎಂಬುದು ಗೊತ್ತಿದ್ದರೆ ಕೇಳಿ ಹಾಕಿಸಬಹುದು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ.

ಹಣ ಕಳಿಸುವುದಕ್ಕೂ ಸ್ಮಾರ್ಟ್‌ಫೋನೇ ಬೇಕೆಂದಿಲ್ಲ. ಕೀಪ್ಯಾಡ್ ಫೋನುಗಳಿಗಾಗಿ ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ತಂದಿತು. ಫೋನ್ ಮಾಡಿ, ಧ್ವನಿ ಹೇಳಿದಂತೆ ಅಂಕಿ ಒತ್ತಿ ಹಣ ಕಳಿಸುವ ದಾರಿ ಅದರಲ್ಲಿದೆ, ಒಂದು ಸಲಕ್ಕೆ 10,000 ರೂಪಾಯಿಯವರೆಗೆ. *99# ಒತ್ತಿದರೆ ತೆರೆಯುವ ಮೆನು ಇನ್ನೊಂದು ದಾರಿ. ನಿಮ್ಮ ಸಿಮ್‌ನಲ್ಲಿ ಆ ಮೆನು ತೆರೆಯುತ್ತದೆಯೇ ಎಂದು ಅಂಗಡಿಯಲ್ಲೇ ಒತ್ತಿ ನೋಡಿ. ಪಿನ್ ಮಾಡಿಕೊಳ್ಳಲು ಬ್ಯಾಂಕಿಗೆ ಜೋಡಿಸಿದ ನಂಬರೂ ಡೆಬಿಟ್ ಕಾರ್ಡೂ ಬೇಕು. ಪಿನ್ ಅನ್ನು ಮಗನಿಗೂ ಹೇಳಬೇಡಿ ಎಂದು ಹೇಳಿಯೇ ಕಲಿಸಿ.

ಹೆಜ್ಜೆ 8: ಸ್ಮಾರ್ಟ್‌ಫೋನೇ ಬೇಕು ಅಂದರೆ

ಐದು ಸಾವಿರಕ್ಕೆ ಸಿಗುವ ಹೊಸ ಸ್ಮಾರ್ಟ್‌ಫೋನಿಗಿಂತ ಎರಡು ಸಾವಿರದ ಕೀಪ್ಯಾಡ್ ಎಷ್ಟೋ ಮೇಲು. ರ‍್ಯಾಮ್ ಕನಿಷ್ಠ 4 ಜಿಬಿ, ಸ್ಟೋರೇಜ್ 64 ಜಿಬಿ ಇರಲಿ (ಮೊದಲನೆಯದು ಫೋನ್ ಕೆಲಸ ಮಾಡುವಾಗ ಬಳಸುವ ಮೆಮೊರಿ, ಎರಡನೆಯದು ಫೋಟೊ, ಆ್ಯಪ್ ಉಳಿಸುವ ಜಾಗ). "4+4" ಎಂದು ದೊಡ್ಡದಾಗಿ ಬರೆದಿದ್ದರೆ ಎರಡನೆಯ 4 ನಿಜವಾದ ರ‍್ಯಾಮ್ ಅಲ್ಲ, ಸ್ಟೋರೇಜಿನಿಂದಲೇ ಕತ್ತರಿಸಿ ಕೊಡುವ ಜಾಗ. ಬ್ಯಾಟರಿ 5,000 ಎಂಎಎಚ್ ಈಗ ಸಾಮಾನ್ಯ. ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೇವೆ ಎಂದು ಕಂಪನಿ ಹೇಳಿದೆಯೇ ನೋಡಿ, ಬ್ಯಾಂಕಿನ ಆ್ಯಪ್ ಬಳಸುವವರಿಗೆ ಅದು ಬೇಕೇಬೇಕು. ಮೆಗಾಪಿಕ್ಸೆಲ್ ಲೆಕ್ಕಕ್ಕೆ ಈ ಬೆಲೆಯಲ್ಲಿ ಅರ್ಥವಿಲ್ಲ.

ಹೆಜ್ಜೆ 9: ಮನೆಗೆ ತಂದ ದಿನ

ಫೋನ್ ಕೊಟ್ಟು ಬಸ್ ಹತ್ತಿಬಿಟ್ಟರೆ ಅದು ಮೂಲೆ ಸೇರುತ್ತದೆ. ಅರ್ಧ ದಿನ ಕೂತು ಇಷ್ಟು ಮಾಡಿಕೊಡಿ.

ಅಕ್ಷರ ದೊಡ್ಡದು ಮಾಡಿ. ಮಗಳು, ಮಗ, ಪಕ್ಕದ ಮನೆಯವರನ್ನು 2, 3, 4ರ ಸ್ಪೀಡ್ ಡಯಲ್‌ಗೆ ಹಾಕಿ. 5 ಮತ್ತು 9 ಮುಟ್ಟಬೇಡಿ: 2017ರಿಂದ ಇಲ್ಲಿ ಮಾರುವ ಕೀಪ್ಯಾಡ್ ಫೋನುಗಳಲ್ಲಿ 5 ಅಥವಾ 9 ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು ಎಂಬ ನಿಯಮವಿದೆ. ಯಾವ ಗುಂಡಿ ಎಂಬುದನ್ನು ಜೊತೆಗೆ ಬಂದ ಪುಸ್ತಕದಲ್ಲಿ ನೋಡಿ ತಿಳಿಸಿ, ಸುಮ್ಮನೆ ಒತ್ತಿ ನೋಡಬೇಡಿ. ಹೆಸರುಗಳನ್ನು ಸಿಮ್ಮಿನಲ್ಲೂ ಫೋನಿನಲ್ಲೂ ಎರಡೂ ಕಡೆ ಉಳಿಸಿ. ಫೋನ್ ಕೆಟ್ಟರೂ ನಂಬರುಗಳು ಕೈಬಿಡುವುದಿಲ್ಲ. 1909ಕ್ಕೆ ಕರೆ ಮಾಡಿ ಜಾಹೀರಾತು ಕರೆ, ಮೆಸೇಜ್ ನಿಲ್ಲಿಸಿ, ಇನ್‌ಬಾಕ್ಸ್ ಬೇಗ ತುಂಬುವುದು ತಪ್ಪುತ್ತದೆ. ಹಳೆಯ ಮೆಸೇಜ್ ಅಳಿಸುವುದನ್ನು ಅವರ ಕೈಯಿಂದಲೇ ನಾಲ್ಕು ಸಲ ಮಾಡಿಸಿ. ಯಾರಾದರೂ ಫೋನ್ ಮಾಡಿ *401* ಎಂದು ಶುರುವಾಗುವ ನಂಬರ್ ಒತ್ತಿ ಅಂದರೆ ಒತ್ತಬಾರದು, ಅದು ನಿಮ್ಮ ಕರೆಗಳನ್ನು ಅವರತ್ತ ತಿರುಗಿಸುವ ದಾರಿ ಎಂದು ಬಿಡಿಸಿ ಹೇಳಿ.

ಕೊನೆಗೆ ಐಎಂಇಐ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಬಿಲ್ಲಿನ ಜೊತೆ ಬೀರುವಿನಲ್ಲಿಡಿ. ಫೋನ್ ಕಳೆದುಹೋದರೆ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ತೆಗೆದುಕೊಳ್ಳಬೇಕು, ಅದೇ ನಂಬರಿಗೆ ಬೇರೆ ಸಿಮ್ ಪಡೆಯಬೇಕು, ಆಮೇಲೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ದೂರಿನ ಪ್ರತಿ, ಬಿಲ್ಲು ಮತ್ತು ಈ ಅಂಕಿಗಳನ್ನು ಹಾಕಿ ಫೋನ್ ಬ್ಲಾಕ್ ಮಾಡಿಸಬೇಕು. ಹೊಸ ಸಿಮ್ ಬಂದ ಮೇಲೆಯೇ ಅದರ ಒಟಿಪಿ ಬರುತ್ತದೆ, ಆದ್ದರಿಂದ ಈ ಕ್ರಮ ತಪ್ಪಿಸಬೇಡಿ.